ಫೆರಿಟಿನ್ ಇಳಿದರೂ ಪಂಪ್ ನಿಲ್ಲಿಸಬೇಡಿ: ಥಲಸ್ಸೀಮಿಯಾದಲ್ಲಿ ಹೃದಯ ಕಾಯುವುದು ಹೇಗೆ?

ಫೆರಿಟಿನ್ (ಮೈಯಲ್ಲಿ ಕೂತ ಕಬ್ಬಿಣದ ಅಂದಾಜು ಕೊಡುವ ರಕ್ತ ಪರೀಕ್ಷೆ) ಸ್ವಲ್ಪ ಇಳಿಯಿತು ಎಂದು ಪಂಪನ್ನು, ಅಂದರೆ ಕಬ್ಬಿಣ ತೆಗೆಯುವ ಔಷಧಿಯನ್ನು ಚರ್ಮದ ಕೆಳಗೆ ನಿಧಾನವಾಗಿ ಬಿಡುವ ಸಣ್ಣ ಯಂತ್ರವನ್ನು, ಕಪಾಟಿಗೆ ಸೇರಿಸಿದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಥಲಸ್ಸೀಮಿಯಾ, ಅಂದರೆ ಹುಟ್ಟಿನಿಂದಲೇ ಬಂದು ಮತ್ತೆ ಮತ್ತೆ ರಕ್ತ ಹಾಕಿಸಿಕೊಳ್ಳಬೇಕಾದ ಕಾಯಿಲೆ ಇರುವ ಮಕ್ಕಳಿಗೆ ರಕ್ತ ಕೊಡುವ ವಾರ್ಡಿನಲ್ಲಿ ಕೆಲಸ ಮಾಡುವವಳು ನಾನು. ಪಂಪ್ ಬಿಟ್ಟ ಮಕ್ಕಳಲ್ಲಿ ಕೆಲವರು ಮುಂದೆ ಎದೆ ಹೊಡೆದುಕೊಳ್ಳುತ್ತಿದೆ, ಮೆಟ್ಟಿಲು ಹತ್ತಲು ಆಗುತ್ತಿಲ್ಲ ಎಂದು ವಾಪಸ್ ಬರುತ್ತಾರೆ. ತಪ್ಪಾಗುವುದು ಹೆಚ್ಚಾಗಿ ಮನೆಯಲ್ಲೇ. ಹಾಗಾಗಿ ಮನೆಯಲ್ಲಿ ಏನೇನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ಒಂದು ಚೀಲ ರಕ್ತದ ಜೊತೆ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣ ಮೈಗೆ ಸೇರುತ್ತದೆ. ದೇಹ ತಾನಾಗಿ ಹೊರಹಾಕುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಅಷ್ಟೇ. ಉಳಿದದ್ದು ಲಿವರ್, ಗ್ರಂಥಿಗಳು, ಹೃದಯದಲ್ಲಿ ಕೂರುತ್ತದೆ. ಲಿವರ್‌ನಿಂದ ಅದನ್ನು ಕೆಲವು ತಿಂಗಳಲ್ಲಿ ಇಳಿಸಬಹುದು. ಹೃದಯದಿಂದ ಇಳಿಸಲು ವರ್ಷಗಳೇ ಬೇಕು.

ಮೊದಲು: ಕಬ್ಬಿಣ ತೆಗೆಯುವ ಔಷಧಿ ಯಾವುದು? ಅದನ್ನು ಡಾಕ್ಟರ್ ನಿರ್ಧರಿಸುತ್ತಾರೆ. ಸಾಮಾನ್ಯವಾಗಿ 10ರಿಂದ 20 ಸಲ ರಕ್ತ ಕೊಟ್ಟ ಮೇಲೆ, ಇಲ್ಲವೇ ಫೆರಿಟಿನ್ 1000 ದಾಟಿದಾಗ ಶುರು ಮಾಡುತ್ತಾರೆ. ಡೆಫೆರಾಕ್ಸಮೀನ್ ಪಂಪಿನ ಸೂಜಿಯಲ್ಲಿ ಹೋಗುತ್ತದೆ. ಡೆಫೆರಿಪ್ರೋನ್ ಮತ್ತು ಡೆಫೆರಾಸಿರಾಕ್ಸ್ ಬಾಯಿಂದ. ಹೃದಯದ ಕಬ್ಬಿಣ ತೆಗೆಯುವುದರಲ್ಲಿ ಡೆಫೆರಿಪ್ರೋನ್ ಗಟ್ಟಿಗ. ಹೃದಯದಲ್ಲಿ ಜಾಸ್ತಿ ಇದ್ದರೆ ಅದನ್ನೂ ಪಂಪನ್ನೂ ಜೊತೆಗೇ ಕೊಡುತ್ತಾರೆ.

ಎರಡನೆಯದು: ಅಳತೆ. ಫೆರಿಟಿನ್ ಒಂದನ್ನೇ ನಂಬಬೇಡಿ. ವರ್ಷಗಟ್ಟಲೆ 2500ರ ಮೇಲಿದ್ದರೆ ಹೃದಯಕ್ಕೆ ಅಪಾಯ ಜಾಸ್ತಿ, ಅದು ನಿಜ. ಆದರೆ ಅದು ಕಡಿಮೆ ಇದೆ ಅಂದ ಮಾತ್ರಕ್ಕೆ ಹೃದಯ ಚೆನ್ನಾಗಿದೆ ಎಂದಲ್ಲ. ಎಕೋ (ಹೃದಯದ ಅಲ್ಟ್ರಾಸೌಂಡ್) ಕೂಡ ಕೊನೆಯವರೆಗೆ ಚೆನ್ನಾಗಿಯೇ ಬರಬಹುದು. ಹೃದಯದ ಕಬ್ಬಿಣ ತೋರಿಸುವುದು ಟಿ2 ಸ್ಟಾರ್ ಎಂಬ ಎಂಆರ್‌ಐ. ಇಲ್ಲಿ ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದು. 20 ಮಿಲಿಸೆಕೆಂಡ್‌ಗಿಂತ ಹೆಚ್ಚಿದ್ದರೆ ಸರಿ. 10ಕ್ಕಿಂತ ಕೆಳಗಿದ್ದರೆ ಹೃದಯ ಸೋಲುವ ಅಪಾಯ ತುಂಬಾ ಹತ್ತಿರದಲ್ಲಿದೆ. ಹತ್ತು ವರ್ಷದ ಹೊತ್ತಿಗೆ ಮೊದಲ ಸ್ಕ್ಯಾನ್ ಆಗಿರಲಿ. ಡಾಕ್ಟರ್ ಹೇಳದಿದ್ದರೆ ನೀವೇ ಕೇಳಿ.

ಮೂರನೆಯದು: ಪಂಪ್ ಹಾಕುವುದು. ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಸೋಪಿನಲ್ಲಿ ಕೈ ತೊಳೆಯಿರಿ. 500 ಮಿಲಿಗ್ರಾಂ ಪುಡಿಯ ಸೀಸೆಗೆ 5 ಎಂಎಲ್ ಇಂಜೆಕ್ಷನ್ ನೀರು ಹಾಕಿ. ಸಲೈನ್ ಬೇಡ, ಪುಡಿ ಸರಿಯಾಗಿ ಕರಗುವುದಿಲ್ಲ. ಸೀಸೆಯನ್ನು ಕುಲುಕಬೇಡಿ, ನೊರೆ ಬಂದರೆ ಔಷಧಿ ಪೂರ್ತಿ ಎಳೆಯಲು ಬರುವುದಿಲ್ಲ. ಅಂಗೈಗಳ ನಡುವೆ ಇಟ್ಟು ಮೆಲ್ಲಗೆ ಉರುಳಿಸಿ. ತಿಳಿಯಾದರೆ ಸಿರಿಂಜಿಗೆ ಎಳೆಯಿರಿ. ಮಬ್ಬಾಗಿದ್ದರೆ ಎಸೆಯಿರಿ. ಸಿರಿಂಜ್ ಚಿಕ್ಕದಾಗಲಿ ಅಂತ ನೀರು ಕಡಿಮೆ ಹಾಕುವವರಿದ್ದಾರೆ. ಔಷಧಿ ಗಟ್ಟಿಯಾಗಿ ಬೆಳಿಗ್ಗೆ ಚರ್ಮ ಕೆಂಪಗೆ ಊದಿರುತ್ತದೆ. ಆಮೇಲೆ ಮಗು ಸೂಜಿ ಕಂಡರೆ ಓಡುತ್ತದೆ.

ನಳಿಗೆಯಲ್ಲಿ ಔಷಧಿ ತುಂಬಿಸಿ ಗಾಳಿ ತೆಗೆಯಿರಿ. ಸೂಜಿಯ ತುದಿಯಲ್ಲಿ ಹನಿ ನಿಲ್ಲದಂತೆ ನೋಡಿಕೊಳ್ಳಿ. ಆ ಹನಿ ಚರ್ಮಕ್ಕೆ ತಗುಲಿದರೆ ಉರಿಯುತ್ತದೆ.

ಜಾಗ ಯಾವುದು? ನನ್ನ ಆಯ್ಕೆ ಹೊಟ್ಟೆಯೇ, ಹೊಕ್ಕುಳಿಂದ ಮೂರ್ನಾಲ್ಕು ಬೆರಳು ದೂರ. ತೊಡೆಯೂ ಆಗುತ್ತದೆ. ಆದರೆ ನಿದ್ದೆಯಲ್ಲಿ ಮಗು ಕಾಲು ಒದರಿದರೆ ಸೂಜಿ ಕಳಚುತ್ತದೆ. ದಿನವೂ ಜಾಗ ಬದಲಿಸಿ. ಒಂದೇ ಕಡೆ ಚುಚ್ಚುತ್ತಾ ಹೋದರೆ ಅಲ್ಲಿ ಗಂಟು ಕಟ್ಟುತ್ತದೆ, ಆ ಗಂಟಿನಲ್ಲಿ ಔಷಧಿ ಸರಿಯಾಗಿ ಹೀರುವುದಿಲ್ಲ. ಕ್ಯಾಲೆಂಡರಿನಲ್ಲಿ ಎಡ, ಬಲ, ಮೇಲೆ, ಕೆಳಗೆ ಎಂದು ಗುರುತು ಹಾಕಿಕೊಳ್ಳಿ.

ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ. ಬಟರ್‌ಫ್ಲೈ ಸೂಜಿಯನ್ನು (ಎರಡು ಸಣ್ಣ ರೆಕ್ಕೆಯಿರುವ ಸೂಜಿ) 45 ಡಿಗ್ರಿ ಓರೆಯಾಗಿ ಒಳಗೆ ಬಿಡಿ. ಮಗುವಿಗೆ ನೋವಾಗುತ್ತದೆ ಎಂಬ ಕರುಣೆಯಿಂದ ಮೇಲೆಮೇಲೆ ಚುಚ್ಚುವ ತಾಯಂದಿರೇ ಹೆಚ್ಚು. ಆಗ ಔಷಧಿ ಚರ್ಮದ ಪದರದಲ್ಲೇ ನಿಂತು ಇನ್ನೂ ಜಾಸ್ತಿ ನೋವಾಗುತ್ತದೆ. ಚರ್ಮದ ಕೆಳಗಿನ ಕೊಬ್ಬಿಗೆ ತಲುಪಲೇಬೇಕು. ಸಿರಿಂಜಿನ ಹಿಡಿಕೆಯನ್ನು ಸ್ವಲ್ಪ ಹಿಂದಕ್ಕೆಳೆದು ನೋಡಿ. ರಕ್ತ ಬಂದರೆ ತೆಗೆದು ಬೇರೆ ಕಡೆ ಹಾಕಿ. ಅಂಟುಪಟ್ಟಿಯಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಬೆವರಿಗೆ ಬಿಟ್ಟುಕೊಳ್ಳುವ ಅಗ್ಗದ ಪಟ್ಟಿಯಿಂದ ಔಷಧಿಯೆಲ್ಲ ಹಾಸಿಗೆಗೆ ಹೋಗಿರುವುದನ್ನು ಕಂಡಿದ್ದೇನೆ.

ಪಂಪ್ 8ರಿಂದ 12 ಗಂಟೆ ಓಡಲಿ, ವಾರಕ್ಕೆ ಕನಿಷ್ಠ ಐದು ರಾತ್ರಿ. ಬೇಗ ಮುಗಿಸಲು ವೇಗ ಹೆಚ್ಚಿಸಬೇಡಿ. ಈ ಔಷಧಿ ರಕ್ತದಲ್ಲಿ ಅರ್ಧ ಗಂಟೆಯೂ ಸರಿಯಾಗಿ ನಿಲ್ಲುವುದಿಲ್ಲ. ಪಂಪ್ ನಿಂತರೆ ರಕ್ತದಲ್ಲಿ ಯಾವುದಕ್ಕೂ ಅಂಟಿಕೊಳ್ಳದ ಬಿಡಿ ಕಬ್ಬಿಣ ಮತ್ತೆ ಏರುತ್ತದೆ. ಹೃದಯಕ್ಕೆ ನುಗ್ಗುವುದು ಅದೇ. ಅದಕ್ಕೇ ಭಾನುವಾರ ಎರಡು ಡೋಸ್ ಒಟ್ಟಿಗೆ ಕೊಟ್ಟು ಸರಿದೂಗಿಸುತ್ತೇವೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೆಳಿಗ್ಗೆ ಮೂತ್ರ ಕೆಂಪು ಛಾಯೆಯಲ್ಲಿದ್ದರೆ ಹೆದರಬೇಡಿ, ಕಬ್ಬಿಣ ಹೊರಬರುತ್ತಿದೆ.

ಮಾತ್ರೆಯವರಿಗೆ: ನೀರಿನಲ್ಲಿ ಕರಗುವ ಡೆಫೆರಾಸಿರಾಕ್ಸ್ ಆದರೆ ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಅರ್ಧ ಗಂಟೆ ಮೊದಲು. ಹಾಲಿನಲ್ಲಿ, ಸೋಡಾದಲ್ಲಿ ಕರಗಿಸಬೇಡಿ. ಲೋಟದ ತಳದಲ್ಲಿ ಉಳಿದದ್ದಕ್ಕೆ ಮತ್ತೆ ನೀರು ಹಾಕಿ ಕುಡಿಸಿ, ಔಷಧಿ ಅಲ್ಲೂ ಕೂತಿರುತ್ತದೆ. ಕಿಡ್ನಿ, ಲಿವರ್ ಪರೀಕ್ಷೆ ತಿಂಗಳು ತಿಂಗಳು ಆಗಲಿ.

ವಿಟಮಿನ್ ಸಿ ಮಾತ್ರೆಯನ್ನು ಸುಮ್ನೆ ಅಂಗಡಿಯಿಂದ ತಂದು ಕೊಡಬೇಡಿ. ಜಾಸ್ತಿಯಾದರೆ ಅದು ಕೂತ ಕಬ್ಬಿಣವನ್ನು ಎಬ್ಬಿಸಿ ಹೃದಯಕ್ಕೇ ಏಟು ಕೊಡುತ್ತದೆ. ಡಾಕ್ಟರ್ ಹೇಳಿದ್ದರೆ ಮಾತ್ರ, ಸಣ್ಣ ಪ್ರಮಾಣದಲ್ಲಿ, ಪಂಪ್ ಶುರುವಾದ ಮೇಲೆ. ಕಬ್ಬಿಣ ಸೇರಿಸಿದ ಟಾನಿಕ್ ಮತ್ತು ಶಕ್ತಿ ಪುಡಿಗಳನ್ನಂತೂ ಮನೆಗೇ ತರಬೇಡಿ.

ಯಾವಾಗ ಮಾತ್ರ ತಾತ್ಕಾಲಿಕವಾಗಿ ನಿಲ್ಲಿಸಬೇಕು? ಜ್ವರ ಬಂದ ದಿನ. ಡೆಫೆರಿಪ್ರೋನ್‌ನಿಂದ ಬಿಳಿ ರಕ್ತಕಣ ಪೂರ್ತಿ ಕುಸಿಯಬಹುದು. ಜ್ವರ, ಗಂಟಲು ನೋವು ಕಂಡರೆ ಮಾತ್ರೆ ನಿಲ್ಲಿಸಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಪಂಪಿನವರಿಗೆ ಜ್ವರದ ಜೊತೆ ಹೊಟ್ಟೆ ನೋವು, ಭೇದಿ ಇದ್ದರೆ ಯೆರ್ಸಿನಿಯಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಈ ಔಷಧಿಯೇ ಅದಕ್ಕೆ ಆಹಾರವಾದಂತೆ. ಪಂಪ್ ತೆಗೆದು ಆಸ್ಪತ್ರೆಗೆ ಹೋಗಿ.

ಹೃದಯದ ಸೂಚನೆಗಳು: ಎದೆ ತಾಳ ತಪ್ಪಿ ಹೊಡೆದುಕೊಳ್ಳುವುದು, ಮಲಗಿದರೆ ಉಸಿರು ಕಟ್ಟುವುದು, ಕಾಲು ಊದುವುದು, ಬಲಗಡೆ ಪಕ್ಕೆಯ ಕೆಳಗೆ ನೋವು. ಇದರಲ್ಲಿ ಒಂದು ಕಂಡರೂ ಅಂದೇ ಹೊರಡಿ. ಎಷ್ಟೋ ಮಕ್ಕಳ ಸೋತ ಹೃದಯ ಮತ್ತೆ ಚೇತರಿಸಿಕೊಂಡಿದೆ, ಆದರೆ 24 ಗಂಟೆಯೂ ಡ್ರಿಪ್‌ನಲ್ಲಿ ಡೆಫೆರಾಕ್ಸಮೀನ್ ಬೇಗ ಶುರುವಾಗಬೇಕು. ತುರ್ತು ವಿಭಾಗದಲ್ಲಿ ಮೊದಲು ಹೇಳಬೇಕಾದ ಮಾತು ಇದು: "ಮಗುವಿಗೆ ಥಲಸ್ಸೀಮಿಯಾ ಇದೆ, ಹೃದಯದಲ್ಲಿ ಕಬ್ಬಿಣ ಇರಬಹುದು." ಕೊನೆಯ ಟಿ2 ಸ್ಟಾರ್ ವರದಿ ಮತ್ತು ಔಷಧಿ ಚೀಟಿ ಒಂದೇ ಫೈಲಿನಲ್ಲಿ, ಬಾಗಿಲ ಹತ್ತಿರವೇ ಇರಲಿ.