ಹೀಲಾ ಕೋಶ, ಸಿಸ್‌ಪ್ಲಾಟಿನ್ ಮತ್ತು ಮೀನಿನ ತೊಟ್ಟಿಯ ಪಂಪು

ಬಿಸಿ ಕೊಟ್ಟು ಜೊತೆಗೆ ಸಿಸ್‌ಪ್ಲಾಟಿನ್ (ಪ್ಲಾಟಿನಂ ಇರುವ ಕ್ಯಾನ್ಸರ್ ಔಷಧಿ) ಹಾಕಿದರೆ ಹೀಲಾ ಕೋಶಗಳು, ಅಂದರೆ ಲ್ಯಾಬಿನಲ್ಲಿ ಬೆಳೆಸುವ ಗರ್ಭಕಂಠದ ಕ್ಯಾನ್ಸರ್ ಕೋಶಗಳು, ಜಾಸ್ತಿ ಸಾಯುತ್ತವೆ, ಇದು ಹಳೇ ವಿಷಯ. ಆದರೆ ನನ್ನ ಕೈಯಲ್ಲಿ ಎಂಟು ತಿಂಗಳು ಅದು ಕಾಣಿಸಲೇ ಇಲ್ಲ. "ಸುಮ್ನೆ ಬಿಟ್ಟುಬಿಡು, ನಿನ್ನ ಕೈಗುಣ ಸರಿಯಿಲ್ಲ" ಅಂತ ಸೀನಿಯರ್ ಒಬ್ಬರು ಟೀ ಹೊತ್ತಿಗೆಲ್ಲ ಹೇಳುತ್ತಿದ್ದರು.

ಮೊದಲ ಮೂರು ತಿಂಗಳು ಹಾಳಾಗಿದ್ದು ನನ್ನದೇ ದಡ್ಡತನದಿಂದ. ಉಳಿದ ಡ್ರಗ್‌ಗಳ ಹಾಗೇ ಸಿಸ್‌ಪ್ಲಾಟಿನ್ ಸ್ಟಾಕನ್ನೂ ಡಿಎಂಎಸ್‌ಒ ಅನ್ನೋ ದ್ರಾವಕದಲ್ಲಿ ಕರಗಿಸಿಟ್ಟಿದ್ದೆ. ಅದು ಪ್ಲಾಟಿನಂಗೆ ಅಂಟಿಕೊಂಡು ಔಷಧಿಯ ಹಲ್ಲು ಕಿತ್ತುಬಿಡುತ್ತದೆ, ಸಲೈನ್ ಬಳಸಬೇಕಿತ್ತು. ಅಷ್ಟರಲ್ಲಿ ಕೋಶಗಳಿಗೆ ಉಣಿಸುವ ಸೀರಮ್ ಎರಡು ಬಾಟಲ್ ಖಾಲಿ, ಒಂದಕ್ಕೆ ನಲವತ್ತು ಸಾವಿರದ ಹತ್ತಿರ ಹತ್ತಿರ. ಗೈಡ್ ಈಗಲೂ ಅದನ್ನು ಎತ್ತಿ ಆಡುತ್ತಾರೆ.

ಆಮೇಲೆ ಬಿಸಿಯ ಕಥೆ. ವಾಟರ್ ಬಾತ್ (ಬಿಸಿನೀರಿನ ತೊಟ್ಟಿ) 43 ಡಿಗ್ರಿ ತೋರಿಸುತ್ತಿತ್ತು, ಕೋಶಗಳಿದ್ದ 96 ಗುಂಡಿಯ ಪ್ಲೇಟಿನೊಳಗೆ ಥರ್ಮಾಮೀಟರ್ ತಂತಿ ಇಳಿಸಿ ನೋಡಿದರೆ 41 ಚಿಲ್ಲರೆ! ಪ್ಲೇಟಿನ ಅಡಿಯಲ್ಲಿ ಗಾಳಿ ನಿಂತಿರುತ್ತದೆ ಅಲ್ವಾ. 43ರಿಂದ ಒಂದು ಡಿಗ್ರಿ ಇಳಿದರೆ ಅದೇ ಪೆಟ್ಟಿಗೆ ಸುಮಾರು ನಾಲ್ಕು ಪಟ್ಟು ಹೊತ್ತು ಬೇಕು, ಹಾಗಾಗಿ ನಾನು ಕೋಶಗಳಿಗೆ ಬರೀ ಬಿಸಿನೀರು ಸ್ನಾನ ಮಾಡಿಸುತ್ತಿದ್ದೆ ಅಷ್ಟೇ. ನೀರು ತಿರುಗಿಸುವ ಬಾತ್‌ಗೆ ಕೊಟೇಶನ್ ಒಂದೂವರೆ ಲಕ್ಷದ ಮೇಲೆ ಬಂತು. ನಾನು ಮೀನಿನ ಅಂಗಡಿಯಿಂದ ಮುನ್ನೂರೈವತ್ತು ರೂಪಾಯಿಯ ಪಂಪು ತಂದು ಹಾಕಿದೆ, ಪ್ಲೇಟ್ ಬಿಟ್ಟು ಟಿ-25 ಫ್ಲಾಸ್ಕ್ (ಕೋಶ ಬೆಳೆಸುವ ಚಿಕ್ಕ ಚಪ್ಪಟೆ ಬಾಟಲ್) ಮುಳುಗಿಸಿದೆ, ಕೋಶಗಳಿರುವ ಮೀಡಿಯಮ್‌ನ ಪಿಎಚ್ ಏರುಪೇರಾಗದಿರಲಿ ಅಂತ ಹೆಪೆಸ್ ಬಫರ್ ಸೇರಿಸಿದೆ. ಫ್ಲಾಸ್ಕಿನ ಬಾಯಿ ನೀರು ನುಗ್ಗದ ಹಾಗೆ ಹೇಗೆ ಮುಚ್ಚಿದೆ ಅನ್ನೋದನ್ನು ಮಾತ್ರ ಈಗ ಹೇಳುವುದಿಲ್ಲ, ಪೇಪರ್ ಬರಲಿ.

ಬದುಕಿದ ಕೋಶಗಳನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಯನ್ನು ನಂಬಬೇಡಿ. ಸಾಯಲು ಹೊರಟ ಕೋಶವೂ ಮೊದಲ ದಿನ ಚೆನ್ನಾಗಿಯೇ ನೇರಳೆ ಬಣ್ಣ ಕೊಡುತ್ತದೆ. ಬದುಕಿದ ಕೋಶ ಬೆಳೆದು ಗುಂಪಾಗಲಿ ಅಂತ ಹನ್ನೆರಡು ದಿನ ಕಾದು, ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ, ಐವತ್ತು ಕೋಶಕ್ಕಿಂತ ದೊಡ್ಡ ಗುಂಪುಗಳನ್ನು ಕಣ್ಣು ನೋಯುವವರೆಗೆ ಎಣಿಸಿದೆ. ಒಂದು ಗಂಟೆ ಬಿಸಿ ಮಾತ್ರ ಕೊಟ್ಟಾಗ ನೂರಕ್ಕೆ ಎಂಬತ್ತು ಉಳಿದವು, ಡ್ರಗ್ ಮಾತ್ರ ಹಾಕಿದಾಗ ಅರವತ್ತು. ಎರಡೂ ತಮ್ಮ ಪಾಡಿಗೆ ಕೆಲಸ ಮಾಡಿದ್ದರೆ ಗುಣಿಸಿ ನಲವತ್ತೆಂಟು ಬರಬೇಕು, ಎರಡೂ ಸೇರಿದಾಗ ಉಳಿದಿದ್ದು ಹದಿನಾಲ್ಕೋ ಹದಿನೈದೋ. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ಡ್ರಗ್ ಹಾಕಿದ ತಕ್ಷಣ ಬಿಸಿಗೆ ಇಳಿಸಬೇಕು, ಮರುದಿನ ಬಿಸಿ ಕೊಟ್ಟರೆ ಲಾಭವಿಲ್ಲ.

ನಡುವೆ ಆಸೆಗೆ ಬಿದ್ದು 5-ಎಫ್‌ಯು ಅನ್ನೋ ಇನ್ನೊಂದು ಕ್ಯಾನ್ಸರ್ ಔಷಧಿ ಜೊತೆಗೂ ನೋಡಿದೆ, ಏನೂ ಹೆಚ್ಚು ಸಿಗಲಿಲ್ಲ. ಇವತ್ತು ಬಿಸಿ, ನಾಳೆ ಮತ್ತೆ ಬಿಸಿ ಅಂತಲೂ ಮಾಡಿದೆ. ಎರಡನೇ ದಿನ ಕೋಶಗಳು ಕ್ಯಾರೇ ಅನ್ನಲಿಲ್ಲ, ಅಷ್ಟರಲ್ಲಿ ಬಿಸಿಯಿಂದ ಕಾಪಾಡುವ ಎಚ್‌ಎಸ್‌ಪಿ-70 ಪ್ರೋಟೀನ್ ತುಂಬಿಕೊಂಡಿರುತ್ತದೆ.

ಆ ಸೀನಿಯರ್ ಹೋದ ವಾರ ಪಂಪಿನ ಅಂಗಡಿ ಎಲ್ಲಿ ಅಂತ ಕೇಳಿದರು. ತೆಗೆದುಕೊಳ್ಳುವವರು ಎರಡು ತನ್ನಿ, ಆ ಬಿಸಿಯಲ್ಲಿ ಒಂದು ಪಂಪು ಎರಡು ತಿಂಗಳು ಬಾಳಿದರೆ ಹೆಚ್ಚು.