ಒಂದು ಕಟಿಂಗ್‌ನಲ್ಲಿ ಎಷ್ಟು ಇಂಗ್ಲಿಷ್ ಇದೆ

ಮುಂಬಯಿಯ ಮಾಟುಂಗಾದಲ್ಲಿ ಹೋಟೆಲ್ ಹುಡುಗರಿಗೆ ರಾತ್ರಿ ಹೊತ್ತು ಇಂಗ್ಲಿಷ್ ಹೇಳಿಕೊಡಲು ಶುರು ಮಾಡಿ ಆರೇಳು ವರ್ಷ ಆಯ್ತು. ಹೆಚ್ಚಿನವರು ಕುಂದಾಪುರ, ಕಾರ್ಕಳದ ಕಡೆಯವರು. ಮೊದಲ ಎರಡು ಬ್ಯಾಚ್ ನೆಲಕಚ್ಚಿದವು.

ಎಲ್ಲರ ಹಾಗೆ ನಾನೂ ಟೆನ್ಸ್‌ನಿಂದ ಹಿಡಿದಿದ್ದೆ. ನೀವೂ ಹಾಗೇ ಮಾಡಿರ್ತೀರಿ ಬಿಡಿ. 14 ಜನ ಬಂದಿದ್ದರು, ದಸರಾ ಹೊತ್ತಿಗೆ ನಾಲ್ಕು ಜನ ಉಳಿದರು. ರೂಮ್ ಬಾಡಿಗೆ, ಜೆರಾಕ್ಸ್ ಅಂತ ಕೈಯಿಂದ 9,000 ರೂಪಾಯಿ ಹತ್ತಿರ ಹೋಯ್ತು. ಬೆಳಗಿನಿಂದ ಟೇಬಲ್ ಒರೆಸಿ ಬಂದವನಿಗೆ ಪಾಸ್ಟ್ ಪರ್ಫೆಕ್ಟ್ ಹೇಳಿದರೆ ನಿದ್ದೆ ಬರದೆ ಇನ್ನೇನು?

ಆಮೇಲೆ ದಾರಿ ಬದಲಿಸಿದೆ. ವಾರಕ್ಕೆ ಒಂದೇ ಪದ. ಅದೂ ಹುಡುಗರ ಬಾಯಲ್ಲಿ ಆಗಲೇ ಓಡಾಡುತ್ತಿರುವ ಪದ. ಅದರ ಜಾತಕ ಪೂರ್ತಿ ಬಿಡಿಸುವುದು. ನಮ್ಮ ಜೊತೆಯ ಮಾಸ್ತರರೊಬ್ಬರು ನಕ್ಕರು. "ಹೀಗಾದ್ರೆ ಇವರಿಗೆ ಮೊಮ್ಮಕ್ಕಳಾಗೋ ಹೊತ್ತಿಗೆ ಇಂಗ್ಲಿಷ್ ಬರ್ತದೆ" ಅಂದರು.

ಮೊದಲ ಪದ ಕಟಿಂಗ್. ಮುಂಬಯಿಯಲ್ಲಿ ಅದು ಅರ್ಧ ಗ್ಲಾಸ್ ಚಹಾ. ಊರಲ್ಲಿ ತಲೆಕೂದಲು. ಒಬ್ಬ ಹುಡುಗ ಹೊಸದಾಗಿ ಬಂದಾಗ ಗಿರಾಕಿ "ದೋ ಕಟಿಂಗ್" ಅಂದರೆ ಎದುರಿನ ಸಲೂನ್ ತೋರಿಸಿದ್ದನಂತೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅಲ್ಲೇ ಹಿಡಿದೆ. ಲಂಡನ್ನಿನವರ ಹತ್ತಿರ ಇವೆರಡೂ ನಡೆಯುವುದಿಲ್ಲ. ಚಹಾದ ಅರ್ಥ ನಾವೇ ಹುಟ್ಟಿಸಿದ್ದು, ಕೂದಲಿಗೆ ಅವರು ಹೇರ್‌ಕಟ್ ಅಂತಾರೆ. ಅವರ ಕಟಿಂಗ್ ಬೇರೆ: ಪೇಪರ್‌ನಿಂದ ಕತ್ತರಿಸಿಟ್ಟ ಸುದ್ದಿ, ನೆಡಲು ಮುರಿದ ದಾಸವಾಳದ ಗೆಲ್ಲು (ಕೊಂಬೆ), ರೈಲು ಹೋಗಲು ಗುಡ್ಡ ಕಡಿದು ಮಾಡಿದ ದಾರಿ. ಚುಚ್ಚುವ ಮಾತಿಗೂ ಅದೇ ಪದ ಅಂದೆ. "ನಮ್ಮ ಧಣಿಗಳದ್ದು ದಿನಾ ಅದೇ, ಮಾಷ್ಟ್ರೇ" ಅಂತ ಹಿಂದಿನ ಬೆಂಚಿನಿಂದ ಬಂತು.

ಜೋಶ್‌ನಲ್ಲಿ ಒಂದು ಎಡವಟ್ಟು ಮಾಡಿದೆ. ಕಟ್ಲೆಟ್ ಕೂಡ ಕಟ್‌ನಿಂದಲೇ ಬಂದದ್ದು ಅಂದುಬಿಟ್ಟೆ. ಮನೆಗೆ ಹೋಗಿ ನಿಘಂಟು ತೆಗೆದರೆ ಅದು ಫ್ರೆಂಚರ ಕೋತ್ಲೆತ್, ಅಂದರೆ ಚಿಕ್ಕ ಪಕ್ಕೆಲುಬು. ಕಟ್‌ಗೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ. ಮುಂದಿನ ಕ್ಲಾಸಲ್ಲಿ ಒಪ್ಪಿಕೊಂಡೆ. ಆದರೆ ಹುಡುಕುವಾಗ ಒಳ್ಳೆ ಮಾಲು ಸಿಕ್ಕಿತ್ತು. ಇದೇ ಕಟ್ಲೆಟ್ ಜಪಾನಿಗೆ ಹೋಗಿ ಕತ್ಸುರೆತ್ಸು ಆಗಿ, ಬಾಲ ಉದುರಿ ಕತ್ಸು ಆಯ್ತು. ಅವರ ಭಾಷೆಯಲ್ಲಿ ಕತ್ಸು ಅಂದರೆ ಗೆಲ್ಲು. ಅದಕ್ಕೇ ಅಲ್ಲಿನ ಮಕ್ಕಳು ಪರೀಕ್ಷೆಗೆ ಮೊದಲು ಕತ್ಸು ತಿನ್ನುತ್ತಾರೆ. "ದಾಸವಾಳದ್ದೂ ಗೆಲ್ಲು, ಇದೂ ಗೆಲ್ಲು!" ಅಂತ ಹುಡುಗರಿಗೆ ಖುಷಿಯೋ ಖುಷಿ. ಆ ತಿಂಗಳ ಟೆಸ್ಟ್‌ಗೆ ಮೊದಲು 11 ಜನರಿಗೂ ಕಟ್ಲೆಟ್ ಕೊಡಿಸಬೇಕಾಯ್ತು, ಆರುನೂರು ಚಿಲ್ಲರೆ. ಜರ್ಮನಿಯಲ್ಲಿ ಕಟರ್ ಅಂದರೆ ಸಿನಿಮಾ ಎಡಿಟರ್ ಅಂತಲೂ ಹೇಳಿದೆ. ಅದು ಯಾರಿಗೂ ಹಿಡಿಸಲಿಲ್ಲ.

ಮಧ್ಯೆ ಹೋಟೆಲ್ ಪದವನ್ನೂ ಹಿಡಿದು ನೋಡಿದೆ. ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಮೂರೂ ಒಂದೇ ಲ್ಯಾಟಿನ್ ಬೇರಿನವು. ನಮಗೆ ಹೋಟೆಲ್ ಅಂದರೆ ಊಟ-ತಿಂಡಿ, ಇಂಗ್ಲಿಷಿನವರಿಗೆ ಉಳಿದುಕೊಳ್ಳುವ ಜಾಗ. ಪಾಠ ಉದ್ದ ಆಗಿ ಎರಡು ವಾರ ಸುಮ್ನೆ ಹೋಯ್ತು. ಒಂದೇ ಲಾಭ. ಒಬ್ಬ ಹುಡುಗ ಇಂಟರ್‌ವ್ಯೂನಲ್ಲಿ ಅಪ್ಪನದ್ದು ಹೋಟೆಲ್ ಅಂದಿದ್ದನಂತೆ. ಎಷ್ಟು ರೂಮು ಅಂತ ಕೇಳಿದರಂತೆ. ಇವನು ನಾಲ್ಕು ಟೇಬಲ್ ಅಂದನಂತೆ! ಅವರು ಯಾಕೆ ಹಾಗೆ ನೋಡಿದರು ಅಂತ ಅವನಿಗೆ ಅವತ್ತು ಗೊತ್ತಾಯ್ತು.

ಕಳೆದ ಮಳೆಗಾಲದಲ್ಲಿ ನಮ್ಮ ಹುಡುಗನೊಬ್ಬ ಊರಿಂದ ವಾಪಸ್ ಬರುವಾಗ ಕೊಂಕಣ ರೈಲು ರತ್ನಾಗಿರಿ ಹತ್ತಿರ ನಾಲ್ಕೈದು ತಾಸು ನಿಂತಿತು. ಯಾಕೆ ಅಂತ ಬೋಗಿಯಲ್ಲಿ ಯಾರಿಗೂ ಗೊತ್ತಿಲ್ಲ. ಇವನು ಮೊಬೈಲ್‌ನಲ್ಲಿ ಇಂಗ್ಲಿಷ್ ಸುದ್ದಿ ಓದಿ, ಗುಡ್ಡ ಕಡಿದ ಕಡೆ ಮಣ್ಣು ಜರಿದಿದೆ ಅಂತ ಎಲ್ಲರಿಗೂ ಬಿಡಿಸಿ ಹೇಳಿದ್ದಾನೆ. ಆಮೇಲೆ ನನಗೆ ಮೆಸೇಜ್: "ಮಾಷ್ಟ್ರೇ, ಕಟಿಂಗ್ ಹತ್ರ ಸಿಕ್ಕಿಬಿದ್ದಿದ್ದೇವೆ. ಚಹಾ ಅಲ್ಲ."

ಈಗ ಬ್ಯಾಚಿಗೆ 20 ಜನರ ಮೇಲೆ ಇರ್ತಾರೆ. ನಕ್ಕಿದ್ದ ಮಾಸ್ತರರು ಮೊನ್ನೆ ನೋಟ್ಸ್ ಕೇಳಿದರು. ಕಟಿಂಗ್‌ನ ಹಾಳೆ ಕೊಟ್ಟೆ. ಎರಡನೇ ವಾರದ ಪದ ಯಾವುದು, ಮೊದಲ ಹತ್ತು ನಿಮಿಷ ಬಾಯಿ ಬಿಡಿಸುವುದು ಹೇಗೆ, ಅದನ್ನೆಲ್ಲ ಹೇಳಿಲ್ಲ. ಆ ಕಟ್ಲೆಟ್ ಬಿಲ್ ಅವರು ಕೊಡಲಿ, ಆಮೇಲೆ ನೋಡೋಣ.