ಐಸ್ ಹಾಕಿ ಸಾಮಾನು: ದುಬೈಯಲ್ಲಿ ಕೊಂಡದ್ದು, ಬದಿಯಡ್ಕದಲ್ಲಿ ಒಣಗಿಸಿದ್ದು

ಗಲ್ಫಿಗೆ ಹೋದ ನಮ್ಮ ಕಾಸರಗೋಡಿನವರು ಊರಿನ ಆಟ ಬಿಡುವುದಿಲ್ಲ. ರಜೆ ಬಂತೆಂದರೆ ಕ್ರಿಕೆಟ್, ಇಲ್ಲಾಂದ್ರೆ ವಾಲಿಬಾಲ್, ಕಬಡ್ಡಿ. ನಾನೂ ಹಾಗೇ ಇದ್ದವ. ದುಬೈಯ ಊದ್ ಮೇಥಾದಲ್ಲಿ ಅಲ್ ನಾಸ್ರ್ ಲೀಶರ್‌ಲ್ಯಾಂಡ್ ಅಂತ ಇದೆ. ಅಲ್ಲಿನ ಐಸ್ ರಿಂಕ್ 1979ರಿಂದ ಇರುವಂಥದ್ದು. ಆಫೀಸಿನ ಗೆಳೆಯನೊಬ್ಬ ಐಸ್ ಹಾಕಿ ಆಡುವುದನ್ನು ನೋಡಲು ಸುಮ್ನೆ ಹೋದವ ನಾನು. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಸ್ವೆಟರ್ ಇಲ್ಲದೆ ಕೂರಲಾಗದ ಚಳಿ. ಆಮೇಲೆ ಬ್ಯಾಟ್ ಮುಟ್ಟಿದ್ದು ಕಡಿಮೆ.

ಈಗ ಊರಿಂದ ಹೋದ ಹುಡುಗರು ಫೋನ್ ಮಾಡಿ ಕೇಳುತ್ತಾರೆ, "ಅಣ್ಣಾ, ಶುರು ಮಾಡಲಿಕ್ಕೆ ಎಂತೆಲ್ಲ ಬೇಕು?" ಬೇಕಾದದ್ದು ಜಾಸ್ತಿಯೇ. ಸ್ಕೇಟ್, ಹೆಲ್ಮೆಟ್ ಮತ್ತು ಮುಖಕ್ಕೆ ಕಂಬಿಯ ಕೇಜ್, ಮೌತ್‌ಗಾರ್ಡ್, ಕುತ್ತಿಗೆ ಗಾರ್ಡ್, ಶೋಲ್ಡರ್ ಪ್ಯಾಡ್, ಎಲ್ಬೋ ಪ್ಯಾಡ್, ಗ್ಲೌಸ್, ಹತ್ತಿ ತುಂಬಿದಂತಿರುವ ದಪ್ಪ ಚಡ್ಡಿ, ಶಿನ್ ಗಾರ್ಡ್, ತೊಡೆಸಂದಿಗೆ ಪೆಟ್ಟಾಗದಂತೆ ಕಪ್, ಕೊನೆಗೆ ಸ್ಟಿಕ್. ಚೆಂಡಿನ ಬದಲು ಇಲ್ಲಿ ಪಕ್, ಅಂದರೆ ಒಂದು ಇಂಚು ದಪ್ಪದ, ಮೂರು ಇಂಚು ಅಗಲದ ಗಟ್ಟಿ ರಬ್ಬರ್ ಬಿಲ್ಲೆ. ತೂಕ 156ರಿಂದ 170 ಗ್ರಾಂ. ಅದು ಕಾಲಿಗೆ ಬಡಿದಾಗ ಇಷ್ಟೆಲ್ಲ ಯಾಕೆ ಕಟ್ಟಿಕೊಳ್ಳುತ್ತೇವೆ ಅಂತ ಗೊತ್ತಾಗುತ್ತದೆ.

ಎಲ್ಲವನ್ನೂ ಹೊಸತು ಕೊಳ್ಳಬೇಕಾಗಿಲ್ಲ. ನನ್ನ ಲೆಕ್ಕ ಇಷ್ಟೇ: ಹೆಲ್ಮೆಟ್ ಮತ್ತು ಕಪ್ ಹೊಸತು, ಸ್ಕೇಟ್ ಆದಷ್ಟು ಹೊಸತು, ಉಳಿದದ್ದು ಹಳೆಯದಾದರೂ ಸರಿ. ಗಲ್ಫಿನಲ್ಲಿ ಕೆಲಸ ಮುಗಿಸಿ ವಾಪಸು ಹೋಗುವ ಕೆನಡಾದವರು, ರಷ್ಯಾದವರು ಒಳ್ಳೊಳ್ಳೆ ಪ್ಯಾಡುಗಳನ್ನು ಅರ್ಧಕ್ಕಿಂತ ಕಡಿಮೆಗೆ ಬಿಟ್ಟು ಹೋಗುತ್ತಾರೆ. ಹಳೆ ಸಾಮಾನು ಅಂತ ನಾಚಿಕೆ ಬೇಡ. ಲಡಾಖಿನ ಆಟಗಾರರು ವರ್ಷಗಟ್ಟಲೆ ಹೊರದೇಶದವರು ಕೊಟ್ಟ ಹಳೆ ಕಿಟ್‌ಗಳಲ್ಲೇ ಆಡಿ ಬೆಳೆದವರು. 2025ರಲ್ಲಿ ಭಾರತದ ಹುಡುಗಿಯರ ತಂಡ ಯುಎಇಯ ಅಲ್ ಐನ್‌ನಲ್ಲಿ ಏಷ್ಯಾ ಟೂರ್ನಿಯ ಕಂಚು ಗೆದ್ದಾಗ, ತಂಡದಲ್ಲಿ ಹೆಚ್ಚಿನವರು ಲಡಾಖಿನವರೇ.

ಸ್ಕೇಟಿನ ವಿಷಯ ಸ್ವಲ್ಪ ಉದ್ದಕ್ಕೆ ಹೇಳಬೇಕು. ಕೈಯಲ್ಲಿರುವ ದುಡ್ಡಿನಲ್ಲಿ ಅರ್ಧ ಇದಕ್ಕೇ ಹೋದರೂ ಪರವಾಗಿಲ್ಲ. ಮೊದಲು ರಿಂಕಿನ ಬಾಡಿಗೆ ಸ್ಕೇಟಿನಲ್ಲಿ ತಿರುಗಿ ನೋಡಿ, ಆಟ ಹಿಡಿಸಿತು ಅಂತಾದ ಮೇಲೆ ಅಂಗಡಿಗೆ ಹೋಗಿ. ಊರಲ್ಲಿ ನಾವು ಎಂಟು ನಂಬರ್ ಅನ್ನುವುದು ಬ್ರಿಟಿಷ್ ಅಳತೆ. ಅಮೆರಿಕದ ಲೆಕ್ಕದಲ್ಲಿ ಅದು ಒಂಬತ್ತು. ಬಾವರ್, ಸಿಸಿಎಂ ಕಂಪನಿಗಳ ಸ್ಕೇಟುಗಳ ನಂಬರ್ ಅಮೆರಿಕದ ಶೂ ನಂಬರಿಗಿಂತ ಒಂದರಿಂದ ಒಂದೂವರೆ ಕಡಿಮೆ ಬರುತ್ತದೆ. ಎಂಟರ ಚಪ್ಪಲಿ ಹಾಕುವ ನನಗೆ ಸರಿಯಾದದ್ದು ಏಳೂವರೆ.

ಶಾಲೆಗೆ ಶೂ ಕೊಡಿಸುವಾಗ ಮನೆಯಲ್ಲಿ ಹೇಳುತ್ತಿದ್ದರಲ್ಲ, ಒಂದು ಬೆರಳು ದೊಡ್ಡದಿರಲಿ ಅಂತ? ಆ ಬುದ್ಧಿ ಇಲ್ಲಿ ನಡೆಯುವುದಿಲ್ಲ. ತೆಳು ಸಾಕ್ಸ್ ಹಾಕಿ ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಕ್ಕೆ ಸ್ವಲ್ಪವೇ ತಾಗಬೇಕು. ಮೊಣಕಾಲು ಬಗ್ಗಿಸಿದರೆ ಬೆರಳು ಹಿಂದೆ ಸರಿಯಬೇಕು. ಹಿಮ್ಮಡಿ ಮಾತ್ರ ಎದ್ದು ಕೂತು ಮಾಡಬಾರದು. ಹಿಮ್ಮಡಿ ಏಳುವ ಸ್ಕೇಟಿನಲ್ಲಿ ಎಷ್ಟು ವರ್ಷ ಆಡಿದರೂ ತಿರುವು ಸರಿ ಬರುವುದಿಲ್ಲ.

ಅಗಲ ಇನ್ನೊಂದು ಪಜೀತಿ. ಸಣ್ಣಂದಿನಿಂದ ಬರಿಗಾಲಲ್ಲಿ ತೋಟ ಸುತ್ತಿದ ಕಾಲು ನನ್ನದು. ಮುಂದೆ ಅಗಲ, ಹಿಂದೆ ಸಪೂರ. ಬಾವರ್‌ನವರು ಇದಕ್ಕೆ ಫಿಟ್ 1, 2, 3 ಅಂತ ಮಾಡಿದ್ದಾರೆ, ಸಿಸಿಎಂನವರು ಟೇಪರ್ಡ್, ರೆಗ್ಯುಲರ್, ವೈಡ್ ಅನ್ನುತ್ತಾರೆ. ನಾಚಿಕೆ ಬಿಟ್ಟು ಎಲ್ಲವನ್ನೂ ಹಾಕಿ ನೋಡಿ. ಪಾದದ ಎತ್ತರ ನೋಡಲು ಒಂದು ಉಪಾಯ ಇದೆ. ಲೇಸ್ ಬಿಗಿಯದೆ ಕಾಲು ಒಳಗಿಡಿ, ನಾಲಿಗೆಯನ್ನು ಮುಂದೆ ಮಡಚಿ, ಮೇಲಿಂದ ಮೂರನೇ ತೂತಿನ ಹತ್ತಿರ ಪೆನ್ಸಿಲನ್ನು ಅಡ್ಡಕ್ಕೆ ಇಡಿ. ಎರಡೂ ಬದಿಯ ತೂತುಗಳನ್ನು ಮುಟ್ಟಿ ಅದು ಸಮನಾಗಿ ಕೂತರೆ ಸರಿ. ಪಾದಕ್ಕೆ ತಾಗಿ ಮೇಲೇಳುತ್ತದೆ ಎಂದರೆ ಆ ಸ್ಕೇಟ್ ನಿಮಗೆ ಆಳ ಸಾಲದು. ಸ್ವಲ್ಪ ದಿನದಲ್ಲಿ ಪಾದದ ಮೇಲ್ಭಾಗ ಲೇಸಿಗೆ ಸಿಕ್ಕಿ ನೋಯಲು ಶುರುವಾಗುತ್ತದೆ.

ಕೊಂಡ ಮೇಲೆ ಅಂಗಡಿಯಲ್ಲೇ ಓವನ್‌ನಲ್ಲಿ ಬಿಸಿ ಮಾಡಿ ಕಾಲಿಗೆ ಕೂರಿಸಿ ಕೊಡುತ್ತಾರೆ. ಬಿಸಿ ಇರುವಾಗ ಲೇಸನ್ನು ಮೇಲಕ್ಕೆ ಎಳೆಯಬಾರದು, ಹೊರಕ್ಕೆ ಎಳೆಯಬೇಕು. ಇಲ್ಲಾಂದ್ರೆ ತೂತಿನ ರಿಂಗ್ ಕಿತ್ತು ಬರುತ್ತದೆ. ಮನೆಯ ಓವನ್‌ನಲ್ಲಿ ಈ ಕೆಲಸಕ್ಕೆ ಇಳಿಯಬೇಡಿ. ಹಾಗೆಯೇ ದುಬೈಯ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಸ್ಕೇಟ್ ಬಿಟ್ಟು ಹೋಗಲೂಬೇಡಿ. ಆ ಬಿಸಿಗೆ ಅಂಟು ಸಡಿಲವಾಗುತ್ತದೆ.

ಇನ್ನು ಹರಿತ. ಹೊಸ ಸ್ಕೇಟ್ ಹರಿತ ಇರುವುದೇ ಇಲ್ಲ, ಮಾಡಿಸಿಯೇ ಐಸಿಗೆ ಇಳಿಯಬೇಕು. ಬ್ಲೇಡಿನ ಅಡಿ ಚಪ್ಪಟೆ ಅಲ್ಲ. ನಡುವೆ ತೋಟದ ತೋಡಿನ ಹಾಗೆ ಉದ್ದಕ್ಕೆ ಸಣ್ಣ ಹಳ್ಳ, ಎರಡು ಬದಿಗೆ ಎರಡು ಅಂಚು. ಹಳ್ಳ ಆಳವಾದಷ್ಟು ಅಂಚು ಐಸನ್ನು ಕಚ್ಚುತ್ತದೆ, ಆಳ ಕಡಿಮೆಯಾದಷ್ಟು ಜಾರುವುದು ಸಲೀಸು. ಈ ಹಳ್ಳಕ್ಕೆ ಹಾಲೋ ಅನ್ನುತ್ತಾರೆ. ಅದರ ಇಂಚಿನ ಲೆಕ್ಕ ಆಳದ್ದಲ್ಲ, ಉರುಟಿನ ತ್ರಿಜ್ಯದ್ದು; ಅಂಕಿ ದೊಡ್ಡದಾದಷ್ಟು ಹಳ್ಳ ಆಳ ಕಡಿಮೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಅರ್ಧ ಇಂಚಿನದು ಹಾಕುತ್ತಾರೆ. ನಾನು ಸ್ವಲ್ಪ ತೂಕದವ. ನಿಲ್ಲಲು ಕಲಿಯುವಾಗ ಬ್ಲೇಡ್ ಕಚ್ಚಿ ಮುಗ್ಗರಿಸುತ್ತಿದ್ದೆ. ಐದು-ಎಂಟನೇ (5/8) ಇಂಚಿಗೆ ಬದಲಿಸಿದ ಮೇಲೆ ಬ್ರೇಕ್ ಹತೋಟಿಗೆ ಬಂತು. ಎರಡು ಅಂಚೂ ಸಮ ಇದೆಯಾ ಅಂತ ನೋಡಲು ಸ್ಕೇಟನ್ನು ತಿರುಗಿಸಿ ಹಿಡಿದು, ಬ್ಲೇಡಿನ ಮೇಲೆ ಅಡ್ಡಕ್ಕೆ ಒಂದು ಹತ್ತು ರೂಪಾಯಿ ನಾಣ್ಯ ಇಡುತ್ತೇನೆ. ನಾಣ್ಯ ಒಂದು ಬದಿಗೆ ವಾಲಿದರೆ ಹರಿತ ಮಾಡಿದವನಿಗೇ ವಾಪಸು ಕೊಡುವುದು.

ಊರಲ್ಲಿ ಇದಕ್ಕೆ ಆಸರೆ ಇಲ್ಲ. ಪಕ್ಕದ ಮನೆಯ ಅಣ್ಣ ಒಬ್ಬರು, "ಇಲ್ಲಿ ಕೊಡು ಮಾರಾಯ, ಸಾಣೆ ಹಿಡಿಸಿ ಕತ್ತಿಗಿಂತ ಚೂಪು ಮಾಡಿಸಿ ಕೊಡ್ತೇನೆ" ಎಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಕತ್ತಿಯ ಸಾಣೆಗೆ ಕೊಟ್ಟರೆ ನಡುವಿನ ಹಳ್ಳ ಅಳಿಸಿಹೋಗಿ ಸ್ಕೇಟ್ ಬರೀ ಕಬ್ಬಿಣದ ಪಟ್ಟಿ ಆಗುತ್ತದೆ. ಸ್ಕೇಟಿನ ಮೆಷಿನ್‌ನಲ್ಲಿ ಕಲ್ಲಿನ ಅಂಚೇ ಉರುಟಾಗಿರುತ್ತದೆ, ಬ್ಲೇಡ್ ಅದರ ಮೇಲೆ ಉದ್ದಕ್ಕೆ ಓಡುತ್ತದೆ.

ಹೆಲ್ಮೆಟಿನಲ್ಲಿ ಚೌಕಾಶಿ ಬೇಡ. ತಲೆ ಅಲ್ಲಾಡಿಸಿದರೆ ಅದು ತಲೆಯ ಜತೆಗೇ ತಿರುಗಬೇಕು. ಹಣೆಯಲ್ಲಿ ಹುಬ್ಬಿನಿಂದ ಒಂದು ಬೆರಳು ಮೇಲೆ ಕೂರಬೇಕು. ಎಚ್‌ಇಸಿಸಿ ಅಥವಾ ಸಿಇ ಎಂಬ ಸುರಕ್ಷತೆಯ ಗುರುತು ಇದೆಯಾ ನೋಡಿ. ಎಚ್‌ಇಸಿಸಿ ಚೀಟಿಗೆ ತಯಾರಾದ ದಿನದಿಂದ ಆರೂವರೆ ವರ್ಷದ ಅವಧಿ ಇರುತ್ತದೆ. ಹಳೆ ಹೆಲ್ಮೆಟ್ ಬೇಡ ಅನ್ನಲು ಅದೊಂದು ಕಾರಣ. ಎಷ್ಟು ಪೆಟ್ಟು ತಿಂದಿದೆ ಅಂತ ನಮಗೆ ಗೊತ್ತಿಲ್ಲದಿರುವುದು ಇನ್ನೊಂದು. ಮುಖಕ್ಕೆ ಅರ್ಧ ಗಾಜು ಚಂದ ಕಾಣುತ್ತದೆ ನಿಜ. ಹಲ್ಲು ಬೇಕಾದವರು ಕೇಜ್ ಹಾಕಿ.

ಕುತ್ತಿಗೆ ಗಾರ್ಡ್ ಬಗ್ಗೆ ಮೊದಮೊದಲು ನಮ್ಮ ಗುಂಪಿನಲ್ಲಿ ಯಾರಿಗೂ ಅಷ್ಟು ಗಮನ ಇರಲಿಲ್ಲ. 2023ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಟದ ನಡುವೆಯೇ ಆ್ಯಡಂ ಜಾನ್ಸನ್ ಎಂಬ ಆಟಗಾರನ ಕುತ್ತಿಗೆಗೆ ಸ್ಕೇಟ್ ಬ್ಲೇಡ್ ತಾಗಿ ಜೀವ ಹೋಯಿತು. ಅದಾದ ಮೇಲೆ ಐಸ್ ಹಾಕಿಯ ಅಂತರರಾಷ್ಟ್ರೀಯ ಒಕ್ಕೂಟ ತನ್ನ ಟೂರ್ನಿಗಳಲ್ಲಿ ಕುತ್ತಿಗೆ ಗಾರ್ಡ್ ಕಡ್ಡಾಯ ಮಾಡಿತು. ಈಗ ಅದಿಲ್ಲದೆ ನಾನು ಅಭ್ಯಾಸಕ್ಕೂ ಇಳಿಯುವುದಿಲ್ಲ.

ಪ್ಯಾಡುಗಳಲ್ಲಿ ಎಡೆ ಬಿಡಬಾರದು, ಅಷ್ಟೇ ಸಂಗತಿ. ಶಿನ್ ಗಾರ್ಡಿಗೆ ಮೊಣಕಾಲ ಚಿಪ್ಪಿನ ನಡುವಿನಿಂದ ಸ್ಕೇಟಿನ ಮೇಲಂಚಿನ ತನಕ ಟೇಪ್ ಹಿಡಿದು ಇಂಚಿನಲ್ಲಿ ಅಳೆಯಿರಿ. ಎಲ್ಬೋ ಪ್ಯಾಡ್ ಮತ್ತು ಗ್ಲೌಸ್ ನಡುವೆ ಚರ್ಮ ಕಂಡರೆ ಪಕ್ ಅಲ್ಲಿಗೇ ಹುಡುಕಿಕೊಂಡು ಬರುತ್ತದೆ.

ಸ್ಟಿಕ್ ಕೊಳ್ಳುವಾಗ ಎಡವಾ ಬಲವಾ ಅಂತ ಕೇಳುತ್ತಾರೆ. ನಮ್ಮಂಥವರಿಗೆ ಉತ್ತರ ಕ್ರಿಕೆಟಿನಲ್ಲೇ ಇದೆ. ಬಲಗೈ ಬ್ಯಾಟಿಂಗಿನಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ. ಅದೇ ಹಿಡಿತ ಬಲದ ಸ್ಟಿಕ್‌ಗೂ. ಬರಿಗಾಲಲ್ಲಿ ನಿಂತರೆ ಮೂಗಿನ ತನಕ, ಸ್ಕೇಟ್ ಹಾಕಿದರೆ ಗದ್ದದ ತನಕ ಬಂದರೆ ಸಾಕು. ಸ್ಟಿಕ್ ಬಗ್ಗಲು ಎಷ್ಟು ಗಟ್ಟಿ ಅಂತ ತಿಳಿಸಲು ಫ್ಲೆಕ್ಸ್ ಅಂತ ಒಂದು ನಂಬರ್ ಬರೆದಿರುತ್ತದೆ. ನಿಮ್ಮ ತೂಕ ಪೌಂಡಿನಲ್ಲಿ ಎಷ್ಟೋ ಅದರ ಅರ್ಧದ ಹತ್ತಿರದ್ದು ತೆಗೆದುಕೊಳ್ಳಿ. 70 ಕೆ.ಜಿ. ಅಂದರೆ 154 ಪೌಂಡ್, 75ರ ಫ್ಲೆಕ್ಸ್ ಸರಿ. ಉದ್ದ ಜಾಸ್ತಿ ಅಂತ ಕತ್ತರಿಸಿದರೆ ಸ್ಟಿಕ್ ಇನ್ನೂ ಗಟ್ಟಿಯಾಗುತ್ತದೆ, ಅದು ನೆನಪಿರಲಿ.

ಸಾಮಾನು ಕೊಳ್ಳುವುದು ಒಂದು ಸಲದ ಕೆಲಸ. ಒಣಗಿಸುವುದು ದಿನದ ಕೆಲಸ. ದುಬೈಯಲ್ಲಿ ಅದು ಕಷ್ಟವೇ ಅಲ್ಲ. ರೂಮಿಗೆ ಬಂದ ಕೂಡಲೇ ಚೀಲ ಬಿಚ್ಚಿ, ಎಲ್ಲವನ್ನೂ ಸ್ಟ್ಯಾಂಡಿಗೆ ನೇತು ಹಾಕಿ ಫ್ಯಾನ್ ಬಿಟ್ಟರೆ ಬೆಳಿಗ್ಗೆಗೆ ಗರಿಗರಿ. ಕೆಲಸ ಬದಲಿಸುವ ನಡುವೆ ವೀಸಾಕ್ಕೆ ಕಾಯುತ್ತಾ ಮಳೆಗಾಲ ಪೂರ್ತಿ ಬದಿಯಡ್ಕದ ಮನೆಯಲ್ಲಿ ಕೂರಬೇಕಾಗಿ ಬಂದಾಗಲೇ ನಿಜವಾದ ಪರೀಕ್ಷೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆ ನಮ್ಮದು. ಆಟಿ ತಿಂಗಳಲ್ಲಿ ಗೋಡೆಗೂ ಬೂಷ್ಟು ಹಿಡಿಯುತ್ತದೆ. ಬೆವರು ಕುಡಿದ ಗ್ಲೌಸ್ ಯಾವ ಲೆಕ್ಕ?

ಅಮ್ಮ ಪ್ಯಾಡುಗಳ ವಾಸನೆ ನೋಡಿಯೇ ಮೂಗು ಮುಚ್ಚಿದರು. "ಅಟ್ಟಕ್ಕೆ ಹಾಕು ಮಗಾ, ಹೊಗೆ ತಾಗಿದರೆ ಬೂಷ್ಟು ಬರುವುದಿಲ್ಲ." ಒಲೆಯ ಮೇಲಿನ ಅಟ್ಟ ತೆಂಗಿನಕಾಯಿಗೆ ಒಳ್ಳೆಯದೇ. ಹೆಲ್ಮೆಟಿನ ಫೋಮಿಗೆ, ಸ್ಕೇಟಿನ ಅಂಟಿಗೆ ಆ ಬಿಸಿ ಆಗುವುದಿಲ್ಲ ಅಂತ ಹೇಳಿ ತಪ್ಪಿಸಿಕೊಂಡೆ.

ಮೊದಲು ತೊಳೆದೆ. ದೊಡ್ಡ ಡ್ರಮ್ಮಿನಲ್ಲಿ ತಣ್ಣೀರು, ಸ್ವಲ್ಪವೇ ಸೋಪಿನ ಪುಡಿ. ಬ್ಲೀಚ್ ಮುಟ್ಟಿಸಲಿಲ್ಲ. ಪ್ಯಾಡುಗಳ ವೆಲ್ಕ್ರೋ ಅಂಟಿಸಿ ಅರ್ಧ ಗಂಟೆ ನೆನೆಹಾಕಿ, ಮೆಲ್ಲ ಹಿಂಡಿದ್ದು. ಒಗೆಯುವ ಕಲ್ಲಿಗೆ ಬಡಿದರೆ ಒಳಗಿನ ಪ್ಲಾಸ್ಟಿಕ್ ಚಿಪ್ಪು ಒಡೆಯುತ್ತದೆ. ಆಮೇಲೆ ಒಣಗಿಸಲು ನಮ್ಮ ಅಡಿಕೆ ಡ್ರೈಯರ್ ಉಪಯೋಗಕ್ಕೆ ಬಂತು. ಅಂಗಳದಲ್ಲಿ ಕಟ್ಟಿದ ಪಾಲಿಥೀನ್ ಗೂಡು ಅದು. ಅಡಿಕೆ ಇಲ್ಲದ ತಿಂಗಳಾದ್ದರಿಂದ ಖಾಲಿ ಇತ್ತು. ಮಳೆ ಬಿಟ್ಟು ಒಂದು ಗಂಟೆ ಬಿಸಿಲು ಬಂದರೂ ಒಳಗೆ ಸೆಖೆ ಏರುತ್ತದೆ. ಶೋಲ್ಡರ್ ಪ್ಯಾಡ್, ಚಡ್ಡಿ, ಶಿನ್ ಗಾರ್ಡ್ ಅಲ್ಲಿಗೆ. ಎರಡೂ ತುದಿಯ ಪರದೆ ಎತ್ತಿ ಗಾಳಿಯಾಡಲು ಬಿಡಬೇಕು, ಇಲ್ಲಾಂದ್ರೆ ಅದೇ ಹಬೆ ಮತ್ತೆ ಬಟ್ಟೆಗೆ ಇಳಿಯುತ್ತದೆ. ಹೆಲ್ಮೆಟ್, ಗ್ಲೌಸ್, ಸ್ಕೇಟ್ ಮಾತ್ರ ಮನೆಯೊಳಗೆ ಫ್ಯಾನಿನಡಿ. ಗ್ಲೌಸಿನ ಅಂಗೈ ಬಿಸಿಲಿಗೆ ಒಣಗಿದರೆ ಹಪ್ಪಳದಷ್ಟು ಗಡುಸಾಗಿ ಬಿರಿಯುತ್ತದೆ. ನನ್ನದರಲ್ಲಿ ಆಗಲೇ ಒಂದು ತೂತು ಇತ್ತು. ಪೇಟೆಯಲ್ಲಿ ಚಪ್ಪಲಿ ಹೊಲಿಯುವವರು ಮೆತ್ತನೆಯ ತೊಗಲಿನ ತುಂಡು ಇಟ್ಟು ಒಳಗಿಂದ ಹೊಲಿದು ಕೊಟ್ಟರು. ಇಷ್ಟು ದಪ್ಪದ ಗ್ಲೌಸ್ ಯಾವ ಬೈಕಿನದು ಅಂತ ಕೇಳಿದರು, ಅದು ಬೇರೆ ವಿಷಯ.

ಸ್ಕೇಟಿನ ಕೆಲಸ ನಿಧಾನದ್ದು. ಲೇಸ್ ಪೂರ್ತಿ ಸಡಿಲಿಸಿ, ನಾಲಿಗೆ ಮುಂದಕ್ಕೆಳೆದು, ಒಳಗಿನ ಇನ್ಸೋಲ್ ತೆಗೆಯಬೇಕು. ಅದರಡಿಯಲ್ಲೇ ನೀರು ನಿಲ್ಲುವುದು, ರಿವೆಟ್ಟುಗಳಿಗೆ ತುಕ್ಕು ಶುರುವಾಗುವುದೂ ಅಲ್ಲೇ. ನನ್ನ ಸ್ಕೇಟಿನಲ್ಲಿ ಒಂದು ಟ್ರಿಗರ್ ಒತ್ತಿದರೆ ಬ್ಲೇಡ್ ಕಳಚಿ ಬರುತ್ತದೆ. ಬ್ಲೇಡ್ ಕೂರುವ ಸಂದನ್ನು ಹಳೆ ಬ್ರಷ್‌ನಲ್ಲಿ ಉಜ್ಜಿ ಒರೆಸಿದೆ. ಬ್ಲೇಡಿಗೆ ಹೊಲಿಗೆ ಮೆಷಿನಿನ ಎಣ್ಣೆ ತೆಳ್ಳಗೆ ಹಚ್ಚಿದೆ. ಮನೆಯಲ್ಲಿ ತೆಂಗಿನೆಣ್ಣೆಗೆ ಬರ ಇಲ್ಲ, ಆದರೆ ಅದು ದಿನ ಹೋದಂತೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಆಮೇಲೆ ಹಳೆ ಮುಂಡಿನ ತುಂಡಿನಲ್ಲಿ ಸುತ್ತಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಇಟ್ಟೆ. ಪೊಟ್ಟಣಗಳು ಮನೆಗೆ ಬಂದ ಶೂ ಪೆಟ್ಟಿಗೆಗಳಲ್ಲಿ ಸಿಕ್ಕಿದವು. ನಡೆಯುವಾಗ ಹಾಕುವ ಗಟ್ಟಿ ಪ್ಲಾಸ್ಟಿಕ್ ಗಾರ್ಡ್ ಹಾಕಿ ಸ್ಕೇಟ್ ಎತ್ತಿಡಬೇಡಿ, ಒಳಗೆ ನೀರು ಕೂತು ಒಂದೇ ವಾರದಲ್ಲಿ ಕೆಂಪಾಗುತ್ತದೆ. ಎತ್ತಿಡಲು ಬಟ್ಟೆಯ ಕವರ್.

ಹೆಲ್ಮೆಟಿನ ಸ್ಕ್ರೂಗಳನ್ನೂ ಮರೆಯಬೇಡಿ. ಕರಾವಳಿಯ ಉಪ್ಪುಗಾಳಿಗೆ ಅವು ತುಕ್ಕು ಹಿಡಿದರೆ ಕೇಜ್ ಬಿಚ್ಚಲಾಗದು. ನಾನು ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿದ್ದೇನೆ.

ವಾಪಸು ಹೋಗುವಾಗ ಸ್ಕೇಟ್ ಯಾವತ್ತೂ ಚೆಕ್-ಇನ್ ಲಗೇಜಿನಲ್ಲೇ ಇರಲಿ, ಕೈಚೀಲದಲ್ಲಿ ಬೇಡ. ಸ್ಟಿಕ್ಕಿನ ಉದ್ದವನ್ನು ವಿಮಾನದವರಿಗೆ ಮೊದಲೇ ಹೇಳಿ. ರಿಂಕಿಗೆ ಇಳಿಯುವ ಮುಂಚೆ ಬ್ಲೇಡಿನ ಎಣ್ಣೆ ಒರೆಸಿ, ಒಮ್ಮೆ ಹರಿತ ಮಾಡಿಸಿ, ಹೆಲ್ಮೆಟಿನ ಸ್ಕ್ರೂ ಬಿಗಿ ಇದೆಯಾ ಕೈ ಹಾಕಿ ನೋಡಿ. ಸ್ಟಿಕ್ಕಿನ ಹಳೆ ಟೇಪ್ ಕಿತ್ತು, ಪಕ್ ಹೊಡೆಯುವ ಪಟ್ಟಿಗೆ ಅದರ ಬುಡದಿಂದ ತುದಿಯ ಕಡೆಗೆ ಹೊಸ ಬಟ್ಟೆ ಟೇಪ್ ಸುತ್ತಿ. ಟೇಪನ್ನು ಮಾತ್ರ ಊರಿಂದ ಒಯ್ಯಬೇಡಿ, ನಮ್ಮ ಅಂಗಡಿಗಳಲ್ಲಿ ಸಿಗುವ ಕರೆಂಟಿನ ಟೇಪ್ ಐಸಿನಲ್ಲಿ ಪಕ್ ಹಿಡಿಯುವುದಿಲ್ಲ.